ಸಾಣೆಯಕ್ಕನ ಗಾಜಿನಲ್ಲಿ ತಪ್ಪಿಲ್ಲ

ಆ ಪ್ರಯೋಗಾಲಯದ ಉಗ್ರಾಣವನ್ನು ಮೂವತ್ತು ವರ್ಷ ನೋಡಿಕೊಂಡವನು ನಾನು. ನಾನು ಬರೆದು ಅಂಟಿಸಿದ ಚೀಟಿಯಲ್ಲಿ ಒಂದು ಸುಳ್ಳು ತೋರಿಸಿದವರಿಗೆ ಮೀಸೆ ಬೋಳಿಸಿ ತಟ್ಟೆಯಲ್ಲಿಟ್ಟು ಕೊಡುತ್ತೇನೆಂದು ಊರಿಡೀ ಸಾರಿಕೊಂಡು ತಿರುಗಿದವನು. ಹಣೆಬರಹವಾದರೂ ತಪ್ಪೀತು, ನನ್ನ ಚೀಟಿ ತಪ್ಪದು!

ಕಟ್ಟಡದ ನೆಲಮಾಳಿಗೆಯಲ್ಲಿ ಗಾಜು ಉಜ್ಜುವ ಕೋಣೆ. ಅದರ ಒಡತಿ ಸಾಣೆಯಕ್ಕ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಆದರೆ ಅವಳ ಸಿಟ್ಟಿಗೆ ಹೆದರಿ ಕಾವಲುಗಾರನಿಂದ ನನ್ನ ತನಕ ಎಲ್ಲರೂ ‘ಅಕ್ಕ’ ಎನ್ನುತ್ತಿದ್ದೆವು. ಅವಳಪ್ಪ ಕನ್ನಡಕದ ಗಾಜು ಉಜ್ಜುತ್ತಿದ್ದವರು. ಇವಳು ಗಾಜನ್ನು ಕುಲುಮೆಯಲ್ಲಿ ಕಾಯಿಸಿ, ಎಂಟು ದಿನ ಮೆಲ್ಲಮೆಲ್ಲಗೆ ಆರಿಸಿ, ಆಮೇಲೆ ಕೆಂಪು ಪುಡಿ ಹಾಕಿ ಉಜ್ಜುವಳು. ಅವಳ ಗಾಜಿನ ಮೇಲೆ ಕೂತ ನೊಣವೊಂದು ಜಾರಿಬಿದ್ದು ಸೊಂಟ ಮುರಿದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ.

ಒಂದು ವರ್ಷ ಮೇಲಿನ ಮಹಡಿಯ ಪ್ರೊಫೆಸರರು ಎಮ್ಮೆಯಷ್ಟು ದೊಡ್ಡ ವಿದ್ಯುತ್ ಅಯಸ್ಕಾಂತ ತರಿಸಿದರು. ಅದರ ನಡುವೆ ಗಾಜಿಟ್ಟು ಬೆಳಕು ಹಾಯಿಸಿದರೆ ಬೆಳಕಿನ ಕಂಪನದ ದಿಕ್ಕು ಒಂದಿಷ್ಟು ತಿರುಗುತ್ತದೆ. ಎಷ್ಟು ತಿರುಗಬೇಕೆಂಬುದಕ್ಕೆ ಹಳೆಯ ಲೆಕ್ಕವಿದೆ. ಅಕ್ಕನ ಗಾಜಿನಲ್ಲಿ ಅದು ಲೆಕ್ಕಕ್ಕಿಂತ ಕೂದಲೆಳೆಯಷ್ಟು ಹೆಚ್ಚೇ ತಿರುಗಿತು.

“ಆರಿಸೋದ್ರಲ್ಲಿ ಆತುರ ಮಾಡಿದೀಯಮ್ಮ. ಗಾಜಿನೊಳಗೆ ಬಿಗಿ ಉಳಿದಿದೆ, ಅದೇ ತಿರುಗಿಸ್ತಿದೆ,” ಎಂದರು ಪ್ರೊಫೆಸರರು.

“ಆತುರ ನಮ್ಮನೇಲೇ ಇಲ್ಲ ಸಾರ್. ನಮ್ಮ ಯಜಮಾನ್ರು ಬಸ್ ಓಡಿಸ್ತಾರೆ, ಅವರಿಗೇ ಇಲ್ಲ!”

ಎರಡನೆಯ ಗಾಜಿನಲ್ಲೂ ಅದೇ ಹೆಚ್ಚು, ಮೂರನೆಯದರಲ್ಲೂ ಅದೇ. ಮೂರರ ಅಂಚಿಗೂ ‘ದೋಷಪೂರಿತ’ ಎಂದು ಚೀಟಿ ಅಂಟಿಸಿದವನು ಯಾರು? ನಾನೇ. ಅಂಟಿಸುವಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು.

“ಅಣ್ಣ, ದೋಷ ಎಲ್ಲಿದೆ ಅಂತ ನೀವು ನೋಡಿದ್ರಾ?”

“ನಂಗೇನು ಗೊತ್ತಕ್ಕ? ಮೇಲಿಂದ ಹೇಳಿದ್ದನ್ನ ಬರೀತೀನಿ.”

“ಹಾಗಾದ್ರೆ ನೀವ್ಯಾಕೆ? ಒಂದು ರಬ್ಬರ್ ಮುದ್ರೆ ಸಾಕಿತ್ತಲ್ಲ!”

ನಾನು ಮೂರನೆಯ ಚೀಟಿಗೂ ಗೋಂದು ಬಳಿದೆ.

ಮರುವಾರ ಆದೇಶ ಗೋಡೆಗೇರಿತು. ನಾಲ್ಕನೆಯ ಗಾಜೂ ಕೆಟ್ಟರೆ ಉಜ್ಜುವ ಕೋಣೆಗೆ ಬೀಗ. ಆಮೇಲೆ ಸಾಣೆಯಕ್ಕ ಮುಂಬಾಗಿಲಲ್ಲಿ ಕೂತು ಬಂದವರಿಂದ ಸಹಿ ಹಾಕಿಸಬೇಕು. ಮನೆಯಲ್ಲಿ ಅವಳ ಅತ್ತೆ, “ಒಳ್ಳೇದಾಯ್ತು ಬಿಡು, ಕೂತು ಮಾಡೋ ಕೆಲಸ,” ಎಂದರಂತೆ. ಆ ದಿನ ಒಲೆ ಬೆಂಕಿಕಡ್ಡಿಯಿಲ್ಲದೆ ಅವಳ ಉಸಿರಿಗೇ ಹೊತ್ತಿಕೊಂಡಿತೆಂದು ಅವಳ ಗಂಡನೇ ನನ್ನೆದುರು ಆಣೆಯಿಟ್ಟ.

ನಾಲ್ಕನೆಯದನ್ನು ಹನ್ನೆರಡು ದಿನ ಆರಿಸಿ, ಉಜ್ಜಿ, ತಾನೇ ಮೇಲೆ ಹೊತ್ತು ತಂದಳು. ಚೀಟಿ, ಗೋಂದು ಹಿಡಿದು ನಾನೂ ಹಿಂದೆಯೇ ಹೋದೆ. ಅಳೆದರು. ಮತ್ತೆ ಅದೇ ಹೆಚ್ಚು. ಪ್ರೊಫೆಸರರು ನನ್ನತ್ತ ತಿರುಗಿ, “ಬರೀರಿ,” ಎಂದರು.

“ಪೆನ್ನು ಮುಚ್ಚಿ ಅಣ್ಣ!” ಎಂದಳು ಅಕ್ಕ. “ಸಾರ್, ಗಾಜಿನ ಬಿಗಿ ಅಯಸ್ಕಾಂತ ಇದ್ರೂ ಇರುತ್ತೆ, ಇಲ್ದಿದ್ರೂ ಇರುತ್ತೆ ಅಲ್ವಾ?”

“ಹೌದು. ಅದಕ್ಕೇನೀಗ?”

“ಅಯಸ್ಕಾಂತ ಆರಿಸಿ ಒಂದ್ಸಲ ಅಳೀರಿ. ಬಿಗಿ ಇದ್ರೆ ಬೆಳಕು ಆಗ್ಲೂ ತಿರುಗ್ಬೇಕು.”

ಅಯಸ್ಕಾಂತ ಒಮ್ಮೆ ಆರಿದರೆ ಮತ್ತೆ ಹದಕ್ಕೆ ಬರಲು ಅರ್ಧ ದಿನ ಬೇಕು. ಅದಕ್ಕೇ ಬೆಳಿಗ್ಗೆ ಹಾಕಿದ ಸ್ವಿಚ್ಚನ್ನು ಸಂಜೆಯ ತನಕ ಯಾರೂ ಮುಟ್ಟುವಂತಿರಲಿಲ್ಲ. ಹೀಗಾಗಿ ಅವಳ ಒಂದು ಗಾಜನ್ನೂ ಅಯಸ್ಕಾಂತ ಆರಿಸಿ ಅಳೆದಿರಲಿಲ್ಲ.

“ಇವತ್ತಿನ ದಿನ ಪೂರ್ತಿ ಹಾಳಾಗುತ್ತಮ್ಮ!”

“ನನ್ನ ಮೂರು ತಿಂಗಳು ಹಾಳಾಗಿದೆ!” ಎಂದವಳೇ ಗೋಡೆಯ ಸ್ವಿಚ್ಚನ್ನು ಎಳೆದಳು.

ಪ್ರೊಫೆಸರರು ಬಗ್ಗಿ ಅಳೆದರು. ಕಣ್ಣುಜ್ಜಿಕೊಂಡು ಮತ್ತೆ ಅಳೆದರು. ತಿರುವು ಸೊನ್ನೆ. ಗಾಜಿನಲ್ಲಿ ಬಿಗಿಯ ಸುಳಿವೇ ಇಲ್ಲ. ಉಗ್ರಾಣದಿಂದ ಹಳೆಯ ಮೂರನ್ನೂ ತರಿಸಿದರು. ಸೊನ್ನೆ, ಸೊನ್ನೆ, ಸೊನ್ನೆ.

ಅಕ್ಕ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. “ಮೀಸೆ ನಿಮ್ಮತ್ರಾನೇ ಇರ್ಲಿ. ಮೂರೂ ಚೀಟಿ ಕೆರೆದು ತೆಗೀರಿ. ಉಗುರಲ್ಲಿ! ಚಾಕು ತಂದ್ರೆ ನೋಡಿ ಮತ್ತೆ!”

ಮೂರು ದಿನ ಕೆರೆದೆ. ಇದ್ದ ಹತ್ತು ಉಗುರುಗಳಲ್ಲಿ ಹನ್ನೊಂದು ಸವೆದವು.

ತಪ್ಪು ಗಾಜಿನದಲ್ಲ ಎಂದ ಮೇಲೆ ಪ್ರೊಫೆಸರರು ಹಳೆಯ ಲೆಕ್ಕವನ್ನೇ ಕೆದಕಿದರು. ಬೆಳಕಿನಲ್ಲಿ ವಿದ್ಯುತ್ತಿನ ಅಲೆಯೂ ಇದೆ, ಕಾಂತದ ಅಲೆಯೂ ಇದೆ. ತಿರುಗಿಸುವ ದುಡಿಮೆಯೆಲ್ಲ ಮೊದಲನೆಯದರದು, ಎರಡನೆಯದು ಬರೀ ಉಂಡು ಹೋಗುವ ನೆಂಟ ಎಂದೇ ಹಿಂದಿನವರು ನಂಬಿದ್ದರು. ಆ ಕೂದಲೆಳೆಯಷ್ಟು ಹೆಚ್ಚು ಇದೇ ನೆಂಟನ ಕೆಲಸವೆಂದು ಆರು ತಿಂಗಳ ಬಳಿಕ ಗೊತ್ತಾಯಿತು. ಭಾಷಣ, ಚಪ್ಪಾಳೆ, ಪತ್ರಿಕೆಯಲ್ಲಿ ಪ್ರೊಫೆಸರರ ಚಿತ್ರ. ಬೀಗದ ಆದೇಶ ಸದ್ದಿಲ್ಲದೆ ಗೋಡೆಯಿಂದಿಳಿಯಿತು. ‘ತಪ್ಪಾಯಿತು’ ಎಂಬ ಮಾತು ಯಾರ ಬಾಯಿಂದಲೂ ಇಳಿಯಲಿಲ್ಲ.

ಕೊನೆಗೊಂದು ದಿನ ಪ್ರೊಫೆಸರರು ನಗುತ್ತ ನೆಲಮಾಳಿಗೆಗೆ ಬಂದರು. ಐದನೆಯ ಗಾಜು ಬೇಕಿತ್ತು.

“ನೋಡಮ್ಮ, ಬೆಳಕಿನ ಅರ್ಧ ಭಾಗ ಏನೂ ಕೆಲಸ ಮಾಡಲ್ಲ ಅಂತ ಇಷ್ಟು ಕಾಲ ಅಂದ್ಕೊಂಡಿದ್ವಿ. ಅದೂ ಪಾಪ ಮೊದಲಿಂದ ದುಡೀತಾನೇ ಇತ್ತು, ನಮ್ಮ ಕಣ್ಣಿಗೆ ಬಿದ್ದಿರ್ಲಿಲ್ಲ ಅಷ್ಟೆ. ಆಶ್ಚರ್ಯ ಅಲ್ವಾ?”

ಅಕ್ಕ ಸಾಣೆಯಿಂದ ತಲೆಯೆತ್ತಲಿಲ್ಲ.

“ನಂಗೇನು ಆಶ್ಚರ್ಯ ಸಾರ್? ಇಪ್ಪತ್ತಾರು ವರ್ಷದಿಂದ ನಾನೂ ಇದೇ ಕಟ್ಟಡದಲ್ಲೇ ಇದೀನಿ.”