ಅಪ್ಪ ಹಾಸಿದ ಅಂಗಳ

ಒರ್ಸೊಲಿನಾ ತೀರಿಹೋಗಿ ಮೂರು ವಾರವಾಯಿತು. ಪೋ ನದಿಯ ಈ ದಂಡೆಯ ನಮ್ಮ ಊರಿನಲ್ಲಿ ಮದುವೆಗೂ ಮಣ್ಣಿಗೂ ಹಾಕಿಕೊಳ್ಳುವ ಅಂಗಿಗಳೆಲ್ಲ ಅವಳ ಇಸ್ತ್ರಿಯಡಿ ಹಾದೇ ಹೋಗುತ್ತಿದ್ದವು. ಕೊರಳಪಟ್ಟಿ ಸರಿಯಾಗಿ ಕೂರದಿದ್ದರೆ ಅಂಗಿಯನ್ನು ಬೈಯುತ್ತಿದ್ದಳು, ಅಂಗಿಯ ಒಡೆಯನನ್ನಲ್ಲ.

ಅವಳ ಅಪ್ಪ ನದಿಯಾಚೆ ಸಿಮೆಂಟ್ ಶೀಟಿನ ಕಾರ್ಖಾನೆಯಲ್ಲಿದ್ದ. ಶೀಟುಗಳಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆಸುತ್ತಿದ್ದರು. ಶೀಟು ಉಜ್ಜುವಾಗ ಉದುರುವ ಬಿಳಿ ಪುಡಿಯನ್ನು ಕೆಲಸಗಾರರು ಬಿಟ್ಟಿಯಾಗಿ ಮನೆಗೆ ಒಯ್ಯಬಹುದಿತ್ತು. ಒಯ್ದರು. ಚಳಿ ತಡೆಯಲೆಂದು ಅಟ್ಟದಲ್ಲಿ ಹರಡಿದರು, ಕೋಳಿಗೂಡಿನ ಮುಂದೆ ಸುರಿದರು. ನೀರು ಚಿಮುಕಿಸಿ ದಮ್ಮಸ್ಸು ಮಾಡಿದರೆ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಅವಳ ಅಪ್ಪ ಸೈಕಲ್ಲಿನಲ್ಲಿ ಚೀಲಗಟ್ಟಲೆ ತಂದು, ಊರ ಸಂಘದ ಹಿಂದೆ ಬೋಚೆ ಆಟಕ್ಕೊಂದು ಅಂಗಳ ಹಾಸಿಕೊಟ್ಟ. ಅದರ ಮೇಲೆ ಚೆಂಡು ಗಾಜಿನ ಮೇಲೆ ಉರುಳಿದ ಹಾಗೆ ಉರುಳುತ್ತಿತ್ತು. ಅವಳ ತಮ್ಮ ಎವಾಸಿಯೊ ಅಲ್ಲಿ ಆಡಿ ಆಡಿಯೇ ಸುತ್ತಲಿನ ಊರುಗಳನ್ನೆಲ್ಲ ಸೋಲಿಸಿದ.

ಅಪ್ಪ ಉಸಿರು ಸಿಗದೆ ಸತ್ತ. ಅವನ ಕೆಲಸದ ಬಟ್ಟೆ ಕೊಡವಿ ಒಗೆಯುತ್ತಿದ್ದ ಅಮ್ಮನೂ ಹಾಗೆಯೇ ಹೋದಳು. ಆ ಬಟ್ಟೆಯ ಇನ್ನೊಂದು ತುದಿ ಹಿಡಿದು ಕೊಡವುತ್ತಿದ್ದವಳು ಒರ್ಸೊಲಿನಾ. ಅರವತ್ತು ದಾಟಿದ ಮೇಲೆ ಅವಳ ಶ್ವಾಸಕೋಶದ ಪೊರೆಯಲ್ಲೂ ಅದೇ ರೋಗ ಕಾಣಿಸಿತು. ಆಸ್ಪತ್ರೆಯಿಂದ ಬಂದವಳು ಕೋಟು ಕೂಡ ಬಿಚ್ಚದೆ, ನೆರೆಯವಳಾದ ನನಗೆ ಹೇಳಿದಳು:

"ನಂದು ಮುಗೀತು ಕಣೇ. ಎವಾಸಿಯೊ ಇನ್ನೂ ನೆಟ್ಟಗಿದಾನೆ. ಅವನನ್ನ ಆ ಅಂಗಳದಿಂದ ಬಿಡಿಸ್ಬೇಕು."

ಇಷ್ಟು ವರ್ಷ ಅವನ ಎದೆಯೊಳಗೆ ಹೋದದ್ದನ್ನು ಯಾರೂ ತೆಗೆಯಲಾರರೆಂದು ಅವಳಿಗೆ ಗೊತ್ತಿತ್ತು. ಇನ್ನಷ್ಟು ಹೋಗಬಾರದು, ಅಷ್ಟೇ.

ಪುರಸಭೆಗೆ ತಿಳಿಸಿದಳು. ಅವರು ಅಂಗಳದ ಮೇಲೆ ದಪ್ಪ ಹೊದಿಕೆ ಹಾಸಿ, ಬಾಗಿಲಿಗೆ ಬೀಗ ಜಡಿದು, ತೆಗೆಯುವ ತಂಡ ಶರತ್ಕಾಲಕ್ಕೆ ಬರುತ್ತದೆ ಎಂದರು. ಬೇಸಿಗೆಯ ಪಂದ್ಯ ಹತ್ತಿರವಿತ್ತು. ತಮ್ಮವರೇ ಹಾಸಿದ್ದು, ತಾವೇ ಕಿತ್ತು ಹಾಕಿದರಾಯಿತು ಎಂಬುದು ನಮ್ಮ ಗಂಡಸರ ಲೆಕ್ಕ. ಒಂದು ಶನಿವಾರ ಬೆಳಿಗ್ಗೆ ಬೀಗ ಮುರಿದು ಗುದ್ದಲಿ, ಪೊರಕೆ ಹಿಡಿದು ನಿಂತರು. ಕೆಲಸ ಮುಗಿದ ಮೇಲೆ ಇರಲೆಂದು ಸಲಾಮಿ, ಕೆಂಪು ವೈನೂ ತಂದಿದ್ದರು.

ಸುದ್ದಿ ಕೇಳಿ ಒರ್ಸೊಲಿನಾ ನನ್ನ ತೋಳು ಹಿಡಿದು ನಡೆದಳು. ಬಾಗಿಲಲ್ಲಿ ನನ್ನನ್ನು ತಡೆದಳು. "ನೀನು ಇಲ್ಲೇ ಇರು. ನನಗೆ ಇನ್ನೇನಾಗ್ಬೇಕಿದೆ?" ಒಬ್ಬಳೇ ಒಳಗೆ ಹೋಗಿ ಹೊದಿಕೆಯ ಮೇಲೆ, ಎವಾಸಿಯೊನ ಗುದ್ದಲಿಯ ಮುಂದೆಯೇ ಕುಳಿತಳು.

"ಎದ್ದೇಳಕ್ಕಾ. ಅರ್ಧ ದಿನದ ಕೆಲಸ ಇದು."

"ಗುದ್ದಲಿ ಬಿದ್ರೆ ಧೂಳು ಏಳುತ್ತೆ. ಪೊರಕೆ ಆಡಿಸಿದ್ರೆ ಊರೆಲ್ಲಾ ಹರಡುತ್ತೆ ಕಣೋ."

"ಬಾಯಿಗೆ ಕರವಸ್ತ್ರ ಕಟ್ಕೊಂಡಿದೀವಲ್ಲ," ಎಂದ ಸಂಘದ ಅಡುಗೆಯವ ಗೌದೆಂಜಿಯೊ.

"ನಿನ್ನ ಕರವಸ್ತ್ರ ನನಗೆ ಗೊತ್ತಿಲ್ವೇನೋ? ಅದ್ರಲ್ಲಿ ನಿನ್ನ ಸಿಂಬಳಾನೇ ನಿಲ್ಲಲ್ಲ, ಈ ಪುಡಿ ನಿಲ್ಲುತ್ತಾ?"

ಎಲ್ಲರೂ ನಕ್ಕರು. ಎವಾಸಿಯೊ ನಗಲಿಲ್ಲ.

"ಇದು ಅಪ್ಪ ಹಾಸಿದ್ದು. ಯಾರೋ ಬಿಳಿ ಬಟ್ಟೆ ಹಾಕ್ಕೊಂಡ್ ಬಂದು, ವಿಷ ಅಂತ ಇದನ್ನ ಚೀಲಕ್ಕೆ ತುಂಬೋದನ್ನ ನಾನು ನೋಡಲ್ಲ. ಕೀಳೋದಾದ್ರೆ ನಾನೇ ಕೀಳ್ತೀನಿ."

"ಗೊತ್ತಿದ್ರೆ ಅಪ್ಪ ಹಾಸ್ತಿದ್ನಾ?"

ಅವನು ಗುದ್ದಲಿಯನ್ನು ಇನ್ನೊಂದು ಕೈಗೆ ಬದಲಿಸಿದ.

"ಅವನಿಗೆ ಗೊತ್ತಿರ್ಲಿಲ್ಲ. ನಿನಗೆ ಗೊತ್ತು. ಹೊಡಿ ಹಾಗಾದ್ರೆ. ನಾನು ಇಲ್ಲೇ ಉಸಿರಾಡ್ತಾ ಕೂತಿರ್ತೀನಿ."

ಅಷ್ಟು ಮಾತಿಗೇ ಅವಳಿಗೆ ಏದುಸಿರು ಬಂದಿತ್ತು. ಬಾಗಿಲ ಬಳಿ ನಿಂತ ನನಗೂ ಆ ಸದ್ದು ಕೇಳಿಸುತ್ತಿತ್ತು, ಹರಿದ ತಿದಿ ಒತ್ತಿದ ಹಾಗೆ. ಎವಾಸಿಯೊ ಕೇಳುತ್ತ ನಿಂತ. ಅಪ್ಪನ ಕೊನೆಯ ದಿನಗಳಲ್ಲಿ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದವನು ಅವನೇ. ಗುದ್ದಲಿಯನ್ನು ನೆಲಕ್ಕೆ ತಾಗಿಸದೆ ಗೋಡೆಗೆ ಒರಗಿಸಿ, ಅಕ್ಕನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದ. ಆ ಬೇಸಿಗೆ ನಮ್ಮ ಊರಲ್ಲಿ ಪಂದ್ಯ ನಡೆಯಲಿಲ್ಲ.

ಶರತ್ಕಾಲದಲ್ಲಿ ತಂಡ ಬಂತು. ಹಿಂದಿನ ಸಂಜೆ ಎವಾಸಿಯೊ ಮನೆ ಮನೆಗೆ ಹೋಗಿ, ಕಿಟಕಿ ಮುಚ್ಚಿ, ಒಣಹಾಕಿದ ಬಟ್ಟೆ ಒಳಗೆ ತನ್ನಿ ಎಂದು ಹೇಳಿ ಬಂದ. ತಂಡದವರು ಅಂಗಳಕ್ಕೆ ಪರದೆ ಕಟ್ಟಿ, ನೆಲ ಒಣಗದಂತೆ ನೀರು ಸಿಂಪಡಿಸುತ್ತಲೇ ಗಟ್ಟಿ ಪದರವನ್ನು ಪುಡಿಯಾಗದ ಹಾಗೆ ಎಬ್ಬಿಸಿದರು. ಚೀಲದೊಳಗೆ ಚೀಲವಿಟ್ಟು ಬಾಯಿ ಬಿಗಿದರು, ಅಡಿಯ ಮಣ್ಣನ್ನೂ ಬಿಡಲಿಲ್ಲ. ಸ್ನಾನ ಮಾಡದೆ ಒಬ್ಬರೂ ಪರದೆಯಿಂದ ಹೊರಗೆ ಬರಲಿಲ್ಲ. ಗಾಳಿಯನ್ನು ಪರೀಕ್ಷಿಸಿದ ಮೇಲೆಯೇ ಪರದೆ ಬಿಚ್ಚಿದ್ದು. ನೋಡುವುದಿಲ್ಲ ಎಂದಿದ್ದ ಎವಾಸಿಯೊ ಬೀದಿಯ ತುದಿಯಲ್ಲಿ ಟೊಪ್ಪಿ ತೆಗೆದು ನಿಂತಿದ್ದ.

ಈ ವಸಂತದಲ್ಲಿ ಹೊಸ ಮರಳಿನ ಅಂಗಳದಲ್ಲಿ ಮೊದಲ ಪಂದ್ಯ. ನಾನು ಒರ್ಸೊಲಿನಾಳ ಹಾಸಿಗೆಯ ಪಕ್ಕದಲ್ಲಿದ್ದೆ. ಎವಾಸಿಯೊ ಬಾಗಿಲು ದೂಡಿ ಬಂದ.

"ಗುಡ್ಡದ ಮೇಲಿನೋರ ಕೈಲಿ ಸೋತೆ ಅಕ್ಕಾ! ಒಂದ್ಸಲಾನೂ ಗೆದ್ದೋರಲ್ಲ ಅವ್ರು! ಚೆಂಡು ಬಿಟ್ಟಿದ್ದು ಒಂದ್ಕಡೆ, ಹೋಗಿದ್ದು ಇನ್ನೊಂದ್ಕಡೆ. ಆಲೂಗಡ್ಡೆ ಹೊಲದಲ್ಲಿ ಆಡಿದ ಹಾಗಿತ್ತು."

ಮೂಗಿನ ಕೊಳವೆಯ ಹಿಂದೆ ಅವಳ ಮುಖ ನಗುವಿನಿಂದ ಸುಕ್ಕಾಯಿತು. ಪಕ್ಕೆ ಒತ್ತಿಹಿಡಿದು, ಮಾತಿಗೆ ಉಸಿರು ಕೂಡಿಸಿಕೊಂಡಳು.

"ಸೋತ್ಯಾ? ಸೋಲು ಕಣೋ. ಇನ್ನೂ ಇಪ್ಪತ್ತು ವರ್ಷ ಹೀಗೇ ಸೋಲ್ತಾ ಇರು."

ಅವನು ಹಾಸಿಗೆಯ ಅಂಚಿನಲ್ಲಿ ಕುಳಿತು, ಯಾವ ಎಸೆತದಲ್ಲಿ ಹೇಗೆ ಸೋತೆ ಎಂದು ಒಂದೊಂದಾಗಿ ಹೇಳತೊಡಗಿದ. ಅವಳು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿಸಿಕೊಂಡಳು. ಗುರುವಾರ ಹೋದಳು.