ಟರ್ಬೊ ಪೈಪಿಗೆ ಚೆಂಡುಹೂವಿನ ಹಾರ

ಕೊರಟಗೆರೆ ದಾಟಿ ದಿಣ್ಣೆ ಹತ್ತುವಾಗ ನಮ್ಮ ಡೀಸೆಲ್ ಕಾರು ಎತ್ತಿನಗಾಡಿಗಿಂತ ನಿಧಾನವಾಯಿತು. ಹಿಂದಿನ ಸೀಟಿನಲ್ಲಿ ನನ್ನ ಕಿರಿ ಮಗಳು ಸುಧಾ ಹೆರಿಗೆ ನೋವಿನಿಂದ ನರಳುತ್ತಿದ್ದಳು. ಮಧುಗಿರಿ ಆಸ್ಪತ್ರೆ ಇನ್ನೂ ದೂರವಿತ್ತು. ಕಾರು ಓಡಿಸುತ್ತಿದ್ದವಳು ನನ್ನ ದೊಡ್ಡ ಮಗನ ಮಗಳು ರೂಪಾ, ಶಿರಾದಲ್ಲಿ ಮೆಕ್ಯಾನಿಕ್. ಅವಳು ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಬಾನೆಟ್ ಎತ್ತಿ ಕಿವಿಗೊಟ್ಟಳು. ಒಳಗೆ ಬುಸ್ ಎನ್ನುತ್ತಿತ್ತು. ಟರ್ಬೊಗೆ ಹೋಗುವ ತೆಳು ಪೈಪು ಕಳಚಿಕೊಂಡಿತ್ತು. ಹಿಂದಿನ ದಿನ ಆಯುಧಪೂಜೆಗೆ ನಾನು ಕಟ್ಟಿದ್ದ ಚೆಂಡುಹೂವಿನ ಹಾರ ಅದನ್ನು ಜಗ್ಗಿಕೊಂಡು ಜೋತಾಡುತ್ತಿತ್ತು. ರೂಪಾ ಪೈಪಿನ ತುದಿಗೆ ಬೆರಳಿಟ್ಟಳು. ಅದು ಬೆರಳನ್ನೇ ಒಳಕ್ಕೆ ಎಳೆಯಿತು.

“ತಾತ, ಈ ಎಳೆತ ಟರ್ಬೊಗೆ ಸಿಗ್ದಿದ್ರೆ ಅದು ಎಂಜಿನ್‌ಗೆ ಗಾಳಿ ತುಂಬಲ್ಲ, ಗಾಡಿ ಏರಲ್ಲ. ಹಾರ ಇಲ್ಯಾಕ್ ಕಟ್ಬುಟ್ಟೆ?”

“ಮುಂದ್ಗಡೆ ಎಲ್ರೂ ಕಟ್ತಾರೆ ಕಣಮ್ಮ. ಗೇಯೋದು ಈ ಎಂಜಿನ್ ಅಲ್ವಾ?”

“ಅಪ್ಪಾ, ಪೂಜೆ ಮಾತು ಆಮ್ಯಾಕಾಡು, ಮೊದ್ಲು ಗಾಡಿ ಹತ್ತು!” ಎಂದು ಸುಧಾ ಒಳಗಿಂದ ಕೂಗಿದಳು.

ರೂಪಾ ಹಾರ ಕಿತ್ತು ನನ್ನ ಕೈಗಿಟ್ಟು, ಪೈಪನ್ನು ಒತ್ತಿ ಕೂರಿಸಿದಳು. ಆಮೇಲೆ ಕಾರಿಗೆ ದಿಣ್ಣೆ ಒಂದಿದೆ ಎಂಬುದೇ ಗೊತ್ತಾಗಲಿಲ್ಲ.

ಆಸ್ಪತ್ರೆ ಸೇರಿದ ಸ್ವಲ್ಪ ಹೊತ್ತಿಗೆ ಮೊಮ್ಮಗಳು ಹುಟ್ಟಿದಳು. ಮಗುವಿಗಿಂತ ಮೊದಲು ತಾತನೇ ಅತ್ತರು ಎಂದು ನರ್ಸಮ್ಮ ಬಂದವರಿಗೆಲ್ಲ ಹೇಳುತ್ತಿದ್ದಾರೆ. ಹೇಳಲಿ, ನಿಜವೇ.