ಬುಟ್ಟಿಯೊಳಗ ಸಿಕ್ಕ ನನ್ನ ಡ್ರೋನು

ಡ್ರೋನ್ ಸಿಕ್ತು, ನಾನೂ ಬಚಾವಾದ್ನಿ, ಗೆಳತ್ಯಾರ! ಇವತ್ತ ವಿದ್ಯಾಗಿರ್‍ಯಾಗ ಗಾಳಿ ಹೊಡತಕ್ಕ ಅದು ಯಾರದೋ ಮಾಳಗಿ ಮ್ಯಾಲೆ ಒಣಹಾಕಿದ್ದ ಶಾವಿಗಿ ಮ್ಯಾಲೆ ಬಿತ್ತು. ಓಡಿ ಹೋಗಿ ನೋಡಿದ್ರ, ವಯಸ್ಸಾದ ಆಯಿ ಒಬ್ಬರು ಡ್ರೋನಿನ ಮ್ಯಾಲೆ ಬುಟ್ಟಿ ಡಬ್ಬ ಹಾಕಿ ಕಾವಲಾ ಕುಂತಿದ್ರು.

"ಇದರ ಮ್ಯಾಲಿನ ನಂಬರಿಗೆ ಫೋನ್ ಹಚ್ಚಿದ್ರ ಹತ್ತವಲ್ದು. ಯಾರದವಾ ಇದು?"

"ನಂದರಿ ಆಯಿ. ಅದು ಸರಕಾರದ ನೋಂದಣಿ ನಂಬರ್. ನನ್ನ ಹೆಸರು, ಫೋನ್ ನಂಬರ್ ಬರದ್ರ ಕಂಡಕಂಡವ್ರು ಕಾಡ್ತಾರಂತ ಬರ್ದಿಲ್ರಿ."

"ನಿನ್ನ ಹೆಸರು ಮಾತ್ರ ಯಾರಿಗೂ ಗೊತ್ತಾಗಬಾರದು, ಆದ್ರ ನನ್ನ ಸೊಸಿ ಇಲ್ಲಿ ತಲಿ ಒಣಗಿಸೂದು ನಿನ್ನ ಕ್ಯಾಮೆರಾಕ್ಕ ಕಾಣಬೇಕೇನು?"

ಫೋನ್ ತಗದು ವಿಡಿಯೋ ತೋರಿಸಿದ್ನಿ. ನೀರಿನ ಟಾಕಿ ಬಿಟ್ರ ಏನೂ ಇರಲಿಲ್ಲ. ಆದ್ರೂ ಅವರ ಎದುರಿಗೇ ಅಳಿಸಿದ್ನಿ.

ಆಯಿ ಬುಟ್ಟಿ ಮಾತ್ರ ಎತ್ತಲಿಲ್ಲ. "ಯಾರ ಪೈಕಿ ನೀ? ಯಾವೂರು? ನಿಮ್ಮವ್ವನ ತವರುಮನಿ ಎಲ್ಲಿ?"

ನನ್ನ ಹೆಸರು, ಹುನಗುಂದದ ನಮ್ಮ ಮನಿ, ಅವ್ವನ ತವರು ಕಲಾದಗಿ, ಎಲ್ಲಾ ಒಪ್ಪಿಸಿದ್ನಿ.

"ಅಯ್ಯ, ನಮ್ಮ ಬೀಗರ ಬಾಜೂಮನಿ ಹುಡುಗಿ ಮಗಳಲ್ಲೇನು ನೀ!" ಅಂತ ಬುಟ್ಟಿ ಎತ್ತಿದ್ರು. ಡ್ರೋನಿಗೆ ಒಂದು ಗೆರಿನೂ ಬಿದ್ದಿರಲಿಲ್ಲ. ಅದರ ಮ್ಯಾಲೆ ಚಾನೂ ಕುಡಿಸಿ ಕಳಿಸಿದ್ರು.

ನಾ ರೂಮ್ ಮುಟ್ಟೂದರಾಗ ಹುನಗುಂದದಿಂದ ಅವ್ವನ ಫೋನು: "ಮಂದಿ ಶಾವಿಗಿ ಕೆಡಿಸಿ ಬಂದಿಯಂತ?"

ಡ್ರೋನ್ ನೋಂದಣಿ ಮಾಡಿಸಿದಾಗಿಂದ ನನ್ನ ವಿಳಾಸ ಎಲ್ಲಿ ಸೋರ್ತದೋ ಅಂತ ನಿದ್ದಿ ಕೆಡಿಸ್ಕೊಂಡಿದ್ನಿ. ಸರಕಾರದ ಕಡೆಯಿಂದ ಇನ್ನೂ ಸೋರಿಲ್ಲ. ನಾನೇ ಒಂದು ಕಪ್ ಚಾಕ್ಕ ಅವ್ವನ ತವರುಮನಿ ಸಮೇತ ಕೊಟ್ಟು ಬಂದ್ನಿ.